ಎಲ್ಲ ಸವಾರರಿಗೂ ಸುಗಮ ಹಾಗೂ ಸುರಕ್ಷಿತ ಸೈಕಲ್ ನಿಲುಗಡೆ: ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಪಟ್ಟಣಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸೈಕಲ್ ಸವಾರಿಗೆ ಚಾಲನಾ ಪರವಾನಗಿ ಬೇಕಾಗಿಲ್ಲ. ಇಂಧನದ ವೆಚ್ಚವೂ ಇಲ್ಲ. ಆದರೆ ಸವಾರಿ ಮುಗಿದ ಬಳಿಕ ಸೈಕಲ್ಲನ್ನು ನಿಶ್ಚಿಂತೆಯಿಂದ ಬಿಟ್ಟುಹೋಗಲು ಒಂದು ಸ್ಥಳ ಬೇಕಾಗುತ್ತದೆ. ಆ ಸ್ಥಳ ದೊರೆಯದಿದ್ದಲ್ಲಿ ರಸ್ತೆ ಎಷ್ಟೇ ಉತ್ತಮವಾಗಿದ್ದರೂ ಸೈಕಲ್ ಮನೆಯಲ್ಲಿಯೇ ಉಳಿಯುತ್ತದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಸಂತೆ, ಶಾಲೆ ಹಾಗೂ ಸರ್ಕಾರಿ ಕಚೇರಿಗಳಿಗೆ ಸೈಕಲ್ಲಿನಲ್ಲಿ ಬರುವ ನಾಗರಿಕರು ಎದುರಿಸುವ ಮೊದಲ ಪ್ರಶ್ನೆಯೇ ಇದು.

ಸೈಕಲ್ ನಿಲುಗಡೆ ಸ್ಥಳವು ಹೇಗಿರಬೇಕು, ಅದನ್ನು ಕೋರಿ ಯಾರಿಗೆ ಹಾಗೂ ಹೇಗೆ ಅರ್ಜಿ ಸಲ್ಲಿಸಬೇಕು, ಸೈಕಲ್ ಕಳವಾದಲ್ಲಿ ಯಾವ ಕ್ರಮ ಕೈಗೊಳ್ಳಬೇಕು ಎಂಬುದನ್ನು ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಪಟ್ಟಣಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ಈ ವಿವರಣೆಗೆ ಆಧಾರವಾಗಿರುವ ತತ್ವ ಒಂದೇ. ಅತಿ ಹೆಚ್ಚು ತೊಂದರೆ ಎದುರಿಸುವ ಸವಾರರನ್ನು ಗಮನದಲ್ಲಿಟ್ಟು ನಿರ್ಮಿಸಿದ ನಿಲುಗಡೆ ಸ್ಥಳವು ಉಳಿದೆಲ್ಲರಿಗೂ ಉಪಯುಕ್ತವಾಗುತ್ತದೆ. ದೃಢಕಾಯರನ್ನು ಮಾತ್ರ ಗಮನದಲ್ಲಿಟ್ಟು ನಿರ್ಮಿಸಿದ ಸ್ಥಳವು ಅನೇಕರನ್ನು ಹೊರಗಿಡುತ್ತದೆ.

1. ಸೈಕಲ್ಲನ್ನು ಅವಲಂಬಿಸಿದವರು

2011ರ ಜನಗಣತಿಯ ಪ್ರಕಾರ ದೇಶದ ಶೇ. 44.8ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು. ಹಾಲು ಹಾಕುವವರು, ತರಕಾರಿ ಮಾರುವವರು, ಕಟ್ಟಡ ಕಾರ್ಮಿಕರು, ಕಾವಲುಗಾರರು, ಶಾಲಾ ಮಕ್ಕಳು ಮುಂತಾದವರಿಗೆ ಸೈಕಲ್ ವ್ಯಾಯಾಮದ ಸಾಧನವಲ್ಲ. ಅದು ದುಡಿಮೆಯ ಹಾಗೂ ಓದಿನ ಸಾಧನ. ದಿನಗೂಲಿಯ ಕಾರ್ಮಿಕನ ಸೈಕಲ್ ಕಳವಾದಲ್ಲಿ ನಷ್ಟವಾಗುವುದು ಸೈಕಲ್ಲಿನ ಬೆಲೆ ಮಾತ್ರವಲ್ಲ. ಮತ್ತೊಂದನ್ನು ಕೊಳ್ಳುವವರೆಗೆ ಕೆಲಸದ ಸ್ಥಳ ತಲುಪುವ ದಾರಿಯೇ ತಪ್ಪುತ್ತದೆ.

ಕರ್ನಾಟಕದಲ್ಲಿ 2006-07ನೇ ಸಾಲಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಣಾ ಯೋಜನೆ ಆರಂಭವಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ಸೈಕಲ್ ನೀಡಿ, ದೂರದ ಕಾರಣದಿಂದ ಅವರು, ವಿಶೇಷವಾಗಿ ಹೆಣ್ಣುಮಕ್ಕಳು, ಶಾಲೆ ಬಿಡುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಕೋವಿಡ್ ಸಾಂಕ್ರಾಮಿಕದ ಸಮಯದಲ್ಲಿ ಈ ವಿತರಣೆ ಸ್ಥಗಿತಗೊಂಡಿತು. ಆದ್ದರಿಂದ ಮನೆಯಲ್ಲಿರುವ ಸೈಕಲ್ಲು, ಅಣ್ಣನಿಂದ ತಂಗಿಗೆ ಬಂದ ಹಳೆಯದೇ ಆಗಿದ್ದರೂ, ಕಾಪಾಡಿಕೊಳ್ಳಬೇಕಾದ ಆಸ್ತಿಯಾಗಿದೆ. ಅದು ಕಳವಾದಲ್ಲಿ ನಾಲ್ಕೈದು ಕಿಲೋಮೀಟರ್ ದೂರದ ಪ್ರೌಢಶಾಲೆಯು ಮತ್ತೆ ದೂರವಾಗುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ನಂತರ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರು ಉಚಿತವಾಗಿ ಪ್ರಯಾಣಿಸುವ ಅವಕಾಶ ದೊರೆಯಿತು. ಆದರೆ ಮನೆಯಿಂದ ಬಸ್ ನಿಲ್ದಾಣದವರೆಗಿನ ಎರಡು ಮೂರು ಕಿಲೋಮೀಟರ್ ದಾರಿಯನ್ನು ಪ್ರತಿಯೊಬ್ಬರೂ ತಾವೇ ಕ್ರಮಿಸಬೇಕಾಗುತ್ತದೆ. ನಿಲ್ದಾಣದಲ್ಲಿ ನಂಬಿಕೆಗೆ ಅರ್ಹವಾದ ಸೈಕಲ್ ಸ್ಟ್ಯಾಂಡ್ ಇದ್ದಲ್ಲಿ ಆ ದೂರವು ಹದಿನೈದು ನಿಮಿಷಗಳ ಸವಾರಿಯಾಗುತ್ತದೆ. ಇಲ್ಲದಿದ್ದಲ್ಲಿ ಅರ್ಧ ತಾಸಿಗೂ ಮೀರಿದ ನಡಿಗೆಯಾಗುತ್ತದೆ.

2. ಬೀಗ ಹಾಕಿದ್ದರೂ ಸೈಕಲ್ ಕಳವಾಗುವುದೇಕೆ?

ನಮ್ಮ ನಾಡಿನಲ್ಲಿ ಬಳಕೆಯಲ್ಲಿರುವ ಬಹುತೇಕ ಸೈಕಲ್ಲುಗಳಿಗೆ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಹಾಯುವ ಬಳೆಯಾಕಾರದ ಬೀಗ ಮಾತ್ರ ಇರುತ್ತದೆ. ಈ ಬೀಗವು ಚಕ್ರ ಉರುಳದಂತೆ ತಡೆಯುತ್ತದೆಯೇ ಹೊರತು ಸೈಕಲ್ಲನ್ನು ಸ್ಥಳಕ್ಕೆ ಬಂಧಿಸುವುದಿಲ್ಲ. ಸುಮಾರು 20 ಕಿಲೋಗ್ರಾಂ ತೂಕದ ಸೈಕಲ್ಲನ್ನು ಒಬ್ಬ ವ್ಯಕ್ತಿ ಎತ್ತಿ ಸರಕಿನ ಆಟೋದಲ್ಲಿ ಇರಿಸಿಕೊಂಡು ಹೋಗುವುದು ಕಷ್ಟವಲ್ಲ. ಹಿಂಬದಿಯನ್ನು ಎತ್ತಿಹಿಡಿದು ಮುಂದಿನ ಚಕ್ರದ ಮೇಲೆ ಉರುಳಿಸಿಕೊಂಡು ಹೋದಲ್ಲಿ ನೋಡುವವರಿಗೆ ಅನುಮಾನವೂ ಬರುವುದಿಲ್ಲ; ಬೀಗದ ಕೈ ಕಳೆದುಕೊಂಡ ಮಾಲೀಕರು ಸಹ ಹಾಗೆಯೇ ಒಯ್ಯುತ್ತಾರೆ.

ಆದುದರಿಂದ ಸುರಕ್ಷತೆಗೆ ಮೂರು ಅಂಶಗಳು ಅಗತ್ಯ.

ಅ) ಸೈಕಲ್ಲಿನ ಫ್ರೇಮನ್ನು ನೆಲಕ್ಕೆ ಭದ್ರವಾಗಿ ನೆಟ್ಟ ವಸ್ತುವಿಗೆ ಸರಪಳಿಯಿಂದ ಬಂಧಿಸಲು ಅವಕಾಶವಿರಬೇಕು.
ಆ) ನಿಲುಗಡೆ ಸ್ಥಳವು ಜನರ ಕಣ್ಣಿಗೆ ಬೀಳುವಂತಿರಬೇಕು.
ಇ) ಸೈಕಲ್ ಯಾರದೆಂದು ಸಾಬೀತುಪಡಿಸಲು ಮಾಲೀಕರ ಬಳಿ ದಾಖಲೆ ಇರಬೇಕು.

ಈ ಪೈಕಿ ಮೊದಲನೆಯದು ಸ್ಟ್ಯಾಂಡಿನ ವಿನ್ಯಾಸಕ್ಕೆ, ಎರಡನೆಯದು ಸ್ಥಳದ ಆಯ್ಕೆಗೆ, ಮೂರನೆಯದು ಸವಾರರ ಎಚ್ಚರಿಕೆಗೆ ಸಂಬಂಧಿಸಿದೆ. ಒಂದು ತಪ್ಪಿದರೂ ಉಳಿದೆರಡರ ಪ್ರಯೋಜನ ಕಡಿಮೆಯಾಗುತ್ತದೆ.

3. ಸ್ಟ್ಯಾಂಡಿನ ವಿನ್ಯಾಸ

ಅನೇಕ ಕಡೆಗಳಲ್ಲಿ ಮುಂದಿನ ಚಕ್ರವನ್ನು ತೂರಿಸುವ ಕಬ್ಬಿಣದ ಸಾಲು ಸ್ಟ್ಯಾಂಡುಗಳನ್ನು ಅಳವಡಿಸಲಾಗುತ್ತದೆ. ಇವುಗಳ ಬೆಲೆ ಕಡಿಮೆ. ಆದರೆ ಸೈಕಲ್ಲಿನ ಇಡೀ ಭಾರವು ಒಂದು ಚಕ್ರದ ಮೇಲೆ ಬಿದ್ದು ಕಡ್ಡಿಗಳು ಬಾಗುತ್ತವೆ. ಕ್ಯಾರಿಯರ್ ಮೇಲೆ ಹೊರೆಯಿದ್ದಲ್ಲಿ ಸೈಕಲ್ ಉರುಳುತ್ತದೆ. ಫ್ರೇಮಿಗೆ ಬೀಗ ಹಾಕಲು ಸುಲಭವಾಗಿ ಸಾಧ್ಯವಾಗುವುದಿಲ್ಲ. ಚಕ್ರಕ್ಕೆ ಮಾತ್ರ ಬೀಗ ಹಾಕಿದಲ್ಲಿ ಚಕ್ರವನ್ನು ಬಿಚ್ಚಿ ಉಳಿದ ಸೈಕಲ್ಲನ್ನು ಒಯ್ಯಬಹುದು.

ಇದಕ್ಕೆ ಬದಲಾಗಿ, ಬಾಗಿಲಿನ ಚೌಕಟ್ಟಿನಂತೆ ಬಾಗಿಸಿ ಎರಡೂ ಕಾಲುಗಳನ್ನು ನೆಲದಲ್ಲಿ ನೆಟ್ಟ ಕಬ್ಬಿಣದ ಕೊಳವೆಯ ಕಮಾನು ಹೆಚ್ಚು ಉಪಯುಕ್ತ. ಇಂಗ್ಲೆಂಡಿನ ಷೆಫೀಲ್ಡ್ ನಗರದ ಹೆಸರಿನಿಂದ ಪ್ರಸಿದ್ಧವಾದ ಈ ಮಾದರಿಯು ಜಗತ್ತಿನ ಅನೇಕ ನಗರಗಳಲ್ಲಿ ಬಳಕೆಯಲ್ಲಿದೆ. ಕಮಾನಿನ ಎರಡು ಬದಿಗಳಲ್ಲಿ ಒಂದೊಂದರಂತೆ ಎರಡು ಸೈಕಲ್ಲುಗಳನ್ನು ಒರಗಿಸಿ ನಿಲ್ಲಿಸಬಹುದು. ಫ್ರೇಮು ಹಾಗೂ ಚಕ್ರ ಎರಡನ್ನೂ ಒಂದೇ ಸರಪಳಿಯಿಂದ ಬಂಧಿಸಬಹುದು. ಸ್ಥಳೀಯ ವೆಲ್ಡಿಂಗ್ ಅಂಗಡಿಗಳಲ್ಲಿಯೇ ಇದನ್ನು ತಯಾರಿಸಲು ಸಾಧ್ಯ.

ಅನುಸರಿಸಬಹುದಾದ ಅಳತೆಗಳು ಕೆಳಕಂಡಂತಿವೆ.

• ಕಮಾನಿನ ಎತ್ತರ ನೆಲದಿಂದ ಸುಮಾರು 75 ಸೆಂಟಿಮೀಟರ್. ಉದ್ದ 70ರಿಂದ 100 ಸೆಂಟಿಮೀಟರ್.
• ಒಂದು ಕಮಾನಿನಿಂದ ಮತ್ತೊಂದು ಕಮಾನಿಗೆ 1 ಮೀಟರ್ ಅಂತರ.
• ಗೋಡೆಯಿಂದ ಕನಿಷ್ಠ 60 ಸೆಂಟಿಮೀಟರ್ ಅಂತರ.
• ಒಂದು ಸೈಕಲ್ಲಿಗೆ ಸುಮಾರು 1.8 ಮೀಟರ್ ಉದ್ದದ ಜಾಗ. ಸಾಲುಗಳ ನಡುವೆ ಓಡಾಡಲು ಹಾಗೂ ಸೈಕಲ್ ತಿರುಗಿಸಲು 1.5 ಮೀಟರಿಗೆ ಕಡಿಮೆಯಿಲ್ಲದ ದಾರಿ.
• ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿ ಕಮಾನಿಗೆ ಒಂದು ಅಡ್ಡಪಟ್ಟಿ.

ಕೊನೆಯ ಅಂಶವು ಚಿಕ್ಕದೆಂದು ತೋರಿದರೂ ಮಹತ್ವದ್ದಾಗಿದೆ. ಹೆಣ್ಣುಮಕ್ಕಳ ಸೈಕಲ್ಲುಗಳಿಗೆ ಮೇಲಿನ ಅಡ್ಡ ಕೊಳವೆ ಇರುವುದಿಲ್ಲ. ಮಕ್ಕಳ ಸೈಕಲ್ಲುಗಳ ಫ್ರೇಮು ತಗ್ಗಿನಲ್ಲಿರುತ್ತದೆ. ಕೆಳಗಿನ ಅಡ್ಡಪಟ್ಟಿ ಇಲ್ಲದಿದ್ದಲ್ಲಿ ಇಂತಹ ಸೈಕಲ್ಲುಗಳು ಕಮಾನಿಗೆ ಸರಿಯಾಗಿ ಒರಗುವುದಿಲ್ಲ, ಗಿಡ್ಡ ಸರಪಳಿಯೂ ಎಟುಕುವುದಿಲ್ಲ.

ಸ್ಥಳದ ಅಭಾವವನ್ನು ಕಾರಣವಾಗಿ ನೀಡುವ ಸಂದರ್ಭದಲ್ಲಿ ಒಂದು ಲೆಕ್ಕವನ್ನು ಗಮನಿಸಬಹುದು. ಒಂದು ಕಾರು ನಿಲ್ಲುವ ಸುಮಾರು 5 ಮೀಟರ್ ಉದ್ದ ಹಾಗೂ 2.5 ಮೀಟರ್ ಅಗಲದ ಜಾಗದಲ್ಲಿ ಐದು ಕಮಾನುಗಳನ್ನು ನೆಟ್ಟು ಹತ್ತು ಸೈಕಲ್ಲುಗಳನ್ನು ನಿಲ್ಲಿಸಬಹುದಾಗಿದೆ.

4. ಮಣ್ಣು ಮತ್ತು ಬಿಸಿಲು

ಬೀದರ್ ನಗರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಇಲ್ಲಿನ ಗಟ್ಟಿ ನೆಲದಲ್ಲಿ ಕಮಾನುಗಳನ್ನು ನೆಡುವುದು ಸುಲಭ. ಭಾಲ್ಕಿ ಹಾಗೂ ಔರಾದ್ ಭಾಗದಲ್ಲಿ ಕಪ್ಪು ಎರೆಮಣ್ಣು ವ್ಯಾಪಕವಾಗಿದೆ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಮೇಲ್ಪದರದಲ್ಲಿ ನೆಟ್ಟ ಕಂಬಗಳು ಎರಡು ಮೂರು ವರ್ಷಗಳಲ್ಲಿಯೇ ಸಡಿಲಗೊಳ್ಳುವ ಸಾಧ್ಯತೆಯಿದೆ. ಸಡಿಲವಾದ ಕಮಾನನ್ನು ಸೈಕಲ್ ಸಮೇತ ಕಿತ್ತೊಯ್ಯಬಹುದು. ಆದ್ದರಿಂದ ಎರೆಮಣ್ಣನ್ನು ತೆಗೆದು, ಗರಸು ತುಂಬಿ, ದಮ್ಮಸು ಮಾಡಿ, ಕಾಂಕ್ರೀಟಿನ ಬುನಾದಿಯಲ್ಲಿ ಕಾಲುಗಳನ್ನು ನೆಡುವುದು ಸೂಕ್ತ. ಮೇಲಿನ ನೆಲಕ್ಕೂ ಕಾಂಕ್ರೀಟು ಅಥವಾ ಕಲ್ಲುಹಾಸು ಇರಬೇಕು. ಇಲ್ಲವಾದಲ್ಲಿ ಮಳೆಗಾಲದ ಕೆಸರಿನಲ್ಲಿ ಸೈಕಲ್ಲಿನ ಪಕ್ಕದ ಸ್ಟ್ಯಾಂಡು ಹೂತುಹೋಗುತ್ತದೆ, ತ್ರಿಚಕ್ರ ಸೈಕಲ್ಲು ಚಲಿಸುವುದೇ ಇಲ್ಲ.

ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಲ್ಲಿ ನೆರಳಿಲ್ಲದ ಸ್ಟ್ಯಾಂಡು ಖಾಲಿ ಉಳಿಯುತ್ತದೆ. ಬಿಸಿಲಿಗೆ ಟೈರು ಬಿರುಕು ಬಿಡುತ್ತದೆ, ಟ್ಯೂಬಿನ ಪಂಕ್ಚರ್ ತೇಪೆ ಬಿಟ್ಟುಕೊಳ್ಳುತ್ತದೆ. ಸವಾರರು ತಮ್ಮ ಸೈಕಲ್ಲನ್ನು ಮರದ ಕೆಳಗೆ ಅಥವಾ ಅಂಗಡಿಯ ಚಾವಣಿಯ ಕೆಳಗೆ ನಿಲ್ಲಿಸುವುದು ಇದೇ ಕಾರಣದಿಂದ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸಹ ಸೈಕಲ್ ಮಾರ್ಗಗಳಲ್ಲಿ ನೆರಳು ನೀಡುವ ಮರಗಳು, ಕುಡಿಯುವ ನೀರು ಹಾಗೂ ವಿಶ್ರಾಂತಿ ತಾಣಗಳ ಅಗತ್ಯವನ್ನು ಗುರುತಿಸಿದೆ. ತಗಡಿನ ಚಾವಣಿಗೆ ಹಣ ಸಾಲದಿದ್ದಲ್ಲಿ ಈಗಾಗಲೇ ಇರುವ ಬೇವು, ಹುಣಸೆ ಅಥವಾ ಆಲದ ಮರದ ಬಳಿ, ಬೇರುಗಳಿಗೆ ಹಾನಿಯಾಗದಂತೆ, ಸ್ಥಳ ಗುರುತಿಸಬಹುದು.

5. ಎಲ್ಲ ಸವಾರರೂ ಎಂದರೆ ಯಾರು?

(ಅ) ವಿಕಲಚೇತನರು

ಕೈಯಿಂದ ತಿರುಗಿಸಿ ಚಲಾಯಿಸುವ ತ್ರಿಚಕ್ರ ಸೈಕಲ್ಲು ಸಹ ಸೈಕಲ್ಲೇ ಆಗಿದೆ. ಅದರ ಸವಾರರಿಗೆ ಸಾಮಾನ್ಯ ಸ್ಟ್ಯಾಂಡಿನೊಳಗೆ ಪ್ರವೇಶವೇ ದೊರೆಯದಿರುವುದು ಅನೇಕ ಕಡೆ ಕಂಡುಬರುವ ಲೋಪ. ದ್ವಿಚಕ್ರ ವಾಹನಗಳು ಒಳಬಾರದಂತೆ ನೆಡುವ ಅಡ್ಡಗಂಬಗಳೇ ತ್ರಿಚಕ್ರ ಸೈಕಲ್ಲನ್ನೂ ತಡೆಯುತ್ತವೆ. ಕಂಬಗಳ ನಡುವೆ ಕನಿಷ್ಠ 1.2 ಮೀಟರ್ ಅಂತರ ಬಿಡಬೇಕು. ಪ್ರವೇಶದ್ವಾರಕ್ಕೆ ಅತಿ ಸಮೀಪದಲ್ಲಿ, 2.5 ಮೀಟರ್ ಉದ್ದ ಹಾಗೂ 1.5 ಮೀಟರ್ ಅಗಲದ ಒಂದೆರಡು ಸ್ಥಳಗಳನ್ನು ತ್ರಿಚಕ್ರ ಸೈಕಲ್ಲುಗಳಿಗಾಗಿ ಗುರುತಿಸಿ, ನೆಲದ ಮೇಲೆ ಬಣ್ಣದಿಂದ ಚಿಹ್ನೆ ಬರೆಸಬೇಕು.

ಮೆಟ್ಟಿಲಿರುವಲ್ಲಿ ಇಳಿಜಾರು ಅಗತ್ಯ. ಇಳಿಜಾರಿನ ಪ್ರಮಾಣ 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಗೆ ಕನಿಷ್ಠ 1.8 ಮೀಟರ್ ಉದ್ದದ ಇಳಿಜಾರು ಬೇಕು. ಒಂದು ಹಲಗೆಯನ್ನು ಓರೆಯಾಗಿ ಇಡುವುದರಿಂದ ಈ ಅಗತ್ಯ ಪೂರೈಕೆಯಾಗುವುದಿಲ್ಲ. ಸ್ಟ್ಯಾಂಡಿನಿಂದ ಕಚೇರಿಯ ಬಾಗಿಲಿನವರೆಗೂ ದಾರಿ ಸಮತಟ್ಟಾಗಿರಬೇಕು. ಸ್ಟ್ಯಾಂಡು ಸುಗಮವಾಗಿದ್ದು ಬಾಗಿಲಿನಲ್ಲಿ ಮೂರು ಮೆಟ್ಟಿಲುಗಳಿದ್ದಲ್ಲಿ ಪ್ರಯೋಜನವಿಲ್ಲ.

ದೃಷ್ಟಿದೋಷವುಳ್ಳ ಪಾದಚಾರಿಗಳ ಹಿತವನ್ನೂ ಮರೆಯುವಂತಿಲ್ಲ. ಪಾದಚಾರಿ ಮಾರ್ಗದ ಮಧ್ಯೆ ಕಮಾನುಗಳನ್ನು ನೆಡಬಾರದು. ಸ್ಟ್ಯಾಂಡಿನ ಎರಡೂ ತುದಿಗಳ ಕಮಾನುಗಳಿಗೆ ಎದ್ದುಕಾಣುವ ಹಳದಿ ಬಣ್ಣ ಬಳಿಯಬೇಕು.

(ಆ) ಮಹಿಳೆಯರು ಮತ್ತು ಮಕ್ಕಳು

ಸಂಜೆ ಕತ್ತಲಾದ ಮೇಲೆ ಸೈಕಲ್ ತೆಗೆದುಕೊಳ್ಳಲು ಬರುವ ಮಹಿಳೆಗೆ ಕಟ್ಟಡದ ಹಿಂಭಾಗದ ನಿರ್ಜನ ಮೂಲೆಯಲ್ಲಿರುವ ಸ್ಟ್ಯಾಂಡು ಸುರಕ್ಷಿತವಲ್ಲ. ಅಲ್ಲಿ ಸೈಕಲ್ ಉಳಿದರೂ ಸವಾರಳ ಧೈರ್ಯ ಉಳಿಯುವುದಿಲ್ಲ. ಬೀದಿದೀಪದ ಬೆಳಕು, ಎತ್ತರದ ಗೋಡೆಗಳ ಮರೆ ಇಲ್ಲದಿರುವಿಕೆ, ಸಮೀಪದಲ್ಲಿ ಅಂಗಡಿ ಅಥವಾ ಟಿಕೆಟ್ ಕಿಟಕಿ, ಒಳಬರಲು ಹಾಗೂ ಹೊರಹೋಗಲು ಎರಡು ದಾರಿಗಳು ಇವು ಅಗತ್ಯವಾಗಿ ಇರತಕ್ಕದ್ದು. ಮೇಲೆ ಎತ್ತಿ ತೂಗುಹಾಕುವ ಅಥವಾ ಎರಡು ಅಂತಸ್ತಿನ ಸ್ಟ್ಯಾಂಡುಗಳು ಮಕ್ಕಳಿಗೆ, ಹಿರಿಯ ನಾಗರಿಕರಿಗೆ ಹಾಗೂ ಗರ್ಭಿಣಿಯರಿಗೆ ಅನುಕೂಲಕರವಲ್ಲ.

(ಇ) ಹೊರೆ ಸಾಗಿಸುವವರು

ಹಾಲಿನ ಕ್ಯಾನು, ತರಕಾರಿ ಬುಟ್ಟಿ, ಬಟ್ಟೆಯ ಗಂಟು ಹೊತ್ತ ಸೈಕಲ್ಲುಗಳಿಗೆ ಎರಡೂ ಬದಿಗಳಲ್ಲಿ ಹೆಚ್ಚು ಸ್ಥಳ ಬೇಕು. ಸಾಲಿನ ತುದಿಯ ಕಮಾನುಗಳನ್ನು ಇವರಿಗಾಗಿ ಬಿಡುವುದು ಸೂಕ್ತ. ಸಂತೆಯ ದಿನಗಳಲ್ಲಿ ಇಂತಹ ಸೈಕಲ್ಲುಗಳ ಸಂಖ್ಯೆ ಹೆಚ್ಚುವುದರಿಂದ ಸ್ಥಳದ ಅಂದಾಜನ್ನು ಸಂತೆಯ ದಿನದ ಎಣಿಕೆಯ ಮೇಲೆ ಮಾಡಬೇಕು.

(ಈ) ಭಾಷೆ ಹಾಗೂ ಓದು

ಬೀದರ್ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು ಹಾಗೂ ತೆಲುಗು ಮಾತನಾಡುವವರೂ ಇದ್ದಾರೆ. ಓದು ಬಾರದವರೂ ಇದ್ದಾರೆ. ಆದ್ದರಿಂದ ನಾಮಫಲಕದಲ್ಲಿ ಬರಹದೊಂದಿಗೆ ಸೈಕಲ್ಲಿನ ಹಾಗೂ ತ್ರಿಚಕ್ರ ಸೈಕಲ್ಲಿನ ದೊಡ್ಡ ಚಿತ್ರವೂ ಇರಬೇಕು.

6. ಸ್ಥಳದ ಆಯ್ಕೆ

ಸವಾರರು ತಾವು ಹೋಗಬೇಕಾದ ಬಾಗಿಲಿನಿಂದ ಬಹು ದೂರ ಸೈಕಲ್ ಬಿಡಲು ಒಪ್ಪುವುದಿಲ್ಲ. ಬಾಗಿಲಿನಿಂದ 30 ಮೀಟರ್ ಒಳಗೆ ಸ್ಟ್ಯಾಂಡು ಇರುವುದು ಉತ್ತಮ. ಅಧಿಕಾರಿಗಳ ವಾಹನಗಳಿಗೆ ಬಾಗಿಲಿನ ಬಳಿ ಹಾಗೂ ಸೈಕಲ್ಲುಗಳಿಗೆ ಆವರಣದ ಹಿಂಭಾಗದಲ್ಲಿ ಸ್ಥಳ ನೀಡಿದಲ್ಲಿ ಸೈಕಲ್ಲುಗಳು ಮೆಟ್ಟಿಲಿನ ಬಳಿ ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ.

ಬಸ್ ನಿಲ್ದಾಣ: ಇಲ್ಲಿ ಸೈಕಲ್ಲುಗಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಲ್ಲುತ್ತವೆ. ಕಾವಲುಗಾರರಿರುವ, ಚೀಟಿ ನೀಡುವ ಸ್ಟ್ಯಾಂಡು ಅಗತ್ಯ. ಔರಾದ್ ಪಟ್ಟಣಕ್ಕೆ ರೈಲು ಸಂಪರ್ಕವಿಲ್ಲದಿರುವುದರಿಂದ ಅಲ್ಲಿ ಬಸ್ ನಿಲ್ದಾಣದ ಸ್ಟ್ಯಾಂಡಿನ ಮಹತ್ವ ಇನ್ನೂ ಹೆಚ್ಚು.

ರೈಲು ನಿಲ್ದಾಣ: ಬೀದರ್ ಮತ್ತು ಭಾಲ್ಕಿ ನಿಲ್ದಾಣಗಳು ವಿಕಾರಾಬಾದ್–ಪರಳಿ ಮಾರ್ಗದಲ್ಲಿವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಆರಂಭವಾಯಿತು. ರಾತ್ರಿ ಹೊರಟು ಮರುದಿನ ಮರಳುವ ಪ್ರಯಾಣಿಕರಿಗೆ ರಾತ್ರಿಯ ಕಾವಲು ಇರುವ ಸ್ಥಳ ಬೇಕಾಗುತ್ತದೆ.

ಆಸ್ಪತ್ರೆ: ಬೀದರಿನ ಬ್ರಿಮ್ಸ್ ಬೋಧನಾ ಆಸ್ಪತ್ರೆ ಹಾಗೂ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ರೋಗಿಗಳ ಸಂಬಂಧಿಕರು ಎಷ್ಟು ಹೊತ್ತು ಇರಬೇಕಾದೀತೆಂದು ಮೊದಲೇ ಹೇಳಲಾಗದು. ತುರ್ತು ವಾಹನಗಳ ದಾರಿಗೆ ಅಡ್ಡಿಯಾಗದಂತೆ ಸ್ಥಳ ಗುರುತಿಸಬೇಕು.

ಹಳೆಯ ಪಟ್ಟಣ: ಬಹಮನಿ ಅರಸರ ಕಾಲದಿಂದ ಬೆಳೆದು ಬಂದ ಬೀದರಿನ ಹಳೆಯ ಪಟ್ಟಣದಲ್ಲಿ, ಚೌಬಾರಾ ಸುತ್ತಲಿನ ಬೀದಿಗಳು ಕಿರಿದಾಗಿವೆ. ಕಾರುಗಳಿಗೆ ಕಷ್ಟವಾದ ಈ ಬೀದಿಗಳಿಗೆ ಸೈಕಲ್ಲು ಹೇಳಿಮಾಡಿಸಿದ ವಾಹನ. ಇಲ್ಲಿ ಒಂದು ದೊಡ್ಡ ಸ್ಟ್ಯಾಂಡಿಗಿಂತ ಎರಡು ಮೂರು ಕಮಾನುಗಳ ಚಿಕ್ಕ ಚಿಕ್ಕ ಸ್ಟ್ಯಾಂಡುಗಳು ಸೂಕ್ತ. ಆದರೆ 1472ರಲ್ಲಿ ನಿರ್ಮಾಣಗೊಂಡ ಮಹಮೂದ್ ಗವಾನ್ ಮದರಸಾ ಹಾಗೂ ಬೀದರ್ ಕೋಟೆ ಕೇಂದ್ರ ಸಂರಕ್ಷಿತ ಸ್ಮಾರಕಗಳು. ಪ್ರಾಚೀನ ಸ್ಮಾರಕಗಳ ಕಾನೂನಿಗೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ ಇಂತಹ ಸ್ಮಾರಕಗಳಿಂದ 100 ಮೀಟರ್ ವ್ಯಾಪ್ತಿಯು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆ ವ್ಯಾಪ್ತಿಯಲ್ಲಿ ನೆಲ ಅಗೆಯುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.

ಗ್ರಾಮಗಳ ಬಸ್ ತಂಗುದಾಣ: ಒಳಗಿನ ಹಳ್ಳಿಗಳಿಂದ ಮುಖ್ಯ ರಸ್ತೆಯವರೆಗೆ ಸೈಕಲ್ಲಿನಲ್ಲಿ ಬಂದು ಬಸ್ ಹತ್ತುವವರಿಗಾಗಿ ತಂಗುದಾಣದ ಪಕ್ಕದಲ್ಲಿ ಎರಡು ಮೂರು ಕಮಾನುಗಳಿದ್ದರೂ ಸಾಕಾಗುತ್ತದೆ.

7. ಇತರೆಡೆಯ ಅನುಭವ

ನೆದರ್‌ಲ್ಯಾಂಡ್ಸ್ ದೇಶದ ಉಟ್ರೆಕ್ಟ್ ನಗರದ ಕೇಂದ್ರ ರೈಲು ನಿಲ್ದಾಣದಲ್ಲಿ 12,500 ಸೈಕಲ್ಲುಗಳ ನಿಲುಗಡೆ ಸ್ಥಳವು 2019ರಲ್ಲಿ ಪೂರ್ಣಗೊಂಡಿತು. ಅಲ್ಲಿ ಮೊದಲ 24 ಗಂಟೆಗಳ ನಿಲುಗಡೆಗೆ ಶುಲ್ಕವಿಲ್ಲವೆಂದು ನಿಗದಿಪಡಿಸಲಾಯಿತು. ಸರಕು ಸಾಗಿಸುವ ದೊಡ್ಡ ಸೈಕಲ್ಲುಗಳಿಗೆ ಪ್ರತ್ಯೇಕ ಸ್ಥಳ ಒದಗಿಸಲಾಯಿತು. ನಮ್ಮ ರಾಜ್ಯದ ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭಗೊಂಡಾಗ ಪ್ರತಿ ಸೈಕಲ್ಲನ್ನೂ ಗೊತ್ತುಪಡಿಸಿದ ನಿಲ್ದಾಣದಲ್ಲಿಯೇ ಸಿಕ್ಕಿಸಿ ಬಂಧಿಸುವ ವಿಧಾನವನ್ನು ಅನುಸರಿಸಲಾಯಿತು. ಬೀದರ್, ಭಾಲ್ಕಿ, ಔರಾದಿಗೆ ಅಂತಹ ಗಾತ್ರವಾಗಲಿ ಯಂತ್ರವಾಗಲಿ ಬೇಕಾಗಿಲ್ಲ. ಬಾಗಿಲಿಗೆ ಸಮೀಪ, ನೆಲಕ್ಕೆ ಭದ್ರ, ಎಲ್ಲ ಬಗೆಯ ಸೈಕಲ್ಲಿಗೂ ಸ್ಥಳ ಎಂಬ ಮೂರು ಪಾಠಗಳಷ್ಟೇ ಸಾಕು.

8. ಕಾನೂನಿನ ಬೆಂಬಲ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಕಲಂ 41ರಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ ಹಾಗೂ ವಿಮಾನ ನಿಲ್ದಾಣಗಳ ನಿಲುಗಡೆ ಸ್ಥಳ, ಶೌಚಾಲಯ ಮತ್ತು ಟಿಕೆಟ್ ಕೌಂಟರುಗಳು ವಿಕಲಚೇತನರಿಗೆ ಸುಗಮವಾಗಿರಬೇಕೆಂದು ಹೇಳಲಾಗಿದೆ. ಕಲಂ 23ರಂತೆ ಪ್ರತಿ ಸರ್ಕಾರಿ ಸಂಸ್ಥೆಯು ಕುಂದುಕೊರತೆ ನಿವಾರಣಾ ಅಧಿಕಾರಿಯನ್ನು ನೇಮಿಸತಕ್ಕದ್ದು. ಉದ್ಯೋಗ ವಿಷಯದಲ್ಲಿ ತಾರತಮ್ಯಕ್ಕೆ ಒಳಗಾದವರು ಅವರಿಗೆ ದೂರು ನೀಡಬಹುದು. ಸೌಲಭ್ಯಗಳ ಸುಗಮತೆಯ ಬಗ್ಗೆ ಪರಿಹಾರ ದೊರೆಯದಿದ್ದಲ್ಲಿ ಈ ಅಧಿನಿಯಮದಡಿ ನೇಮಕವಾದ ರಾಜ್ಯ ಆಯುಕ್ತರಿಗೆ ಮನವಿ ಸಲ್ಲಿಸಲು ಅವಕಾಶವಿದೆ. ಕರ್ನಾಟಕದ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕಾಗಿ ಮೀಸಲಿಡಬೇಕಾಗಿರುವುದರಿಂದ, ಇಳಿಜಾರು ಹಾಗೂ ತ್ರಿಚಕ್ರ ಸೈಕಲ್ ನಿಲುಗಡೆಯ ಕೋರಿಕೆಯಲ್ಲಿ ಈ ನಿಧಿಯನ್ನು ಉಲ್ಲೇಖಿಸಬಹುದು.

9. ಅರ್ಜಿ ಸಲ್ಲಿಸುವ ವಿಧಾನ

ನಿಲುಗಡೆ ಸ್ಥಳ ಕೋರುವ ಅರ್ಜಿಯನ್ನು ಆ ಜಾಗ ಯಾರ ವಶದಲ್ಲಿದೆಯೋ ಅವರಿಗೇ ಸಲ್ಲಿಸತಕ್ಕದ್ದು. ತಪ್ಪು ಕಚೇರಿಗೆ ಸಲ್ಲಿಸಿದ ಅರ್ಜಿಯು ವಿಳಂಬಕ್ಕೆ ಮುಖ್ಯ ಕಾರಣವಾಗುತ್ತದೆ.

• ನಗರ ಅಥವಾ ಪಟ್ಟಣದ ಬೀದಿ, ಮಾರುಕಟ್ಟೆ, ಉದ್ಯಾನ: ಸಂಬಂಧಿಸಿದ ನಗರ ಸ್ಥಳೀಯ ಸಂಸ್ಥೆಯ ಆಯುಕ್ತರು ಅಥವಾ ಮುಖ್ಯಾಧಿಕಾರಿಗಳು.
• ಬಸ್ ನಿಲ್ದಾಣ: ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬೀದರ್ ವಿಭಾಗೀಯ ಕಚೇರಿ.
• ರೈಲು ನಿಲ್ದಾಣ: ನಿಲ್ದಾಣದ ಅಧಿಕಾರಿಗಳ ಮೂಲಕ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗ.
• ಶಾಲೆ: ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳು.
• ಆಸ್ಪತ್ರೆ ಅಥವಾ ಕಚೇರಿಯ ಆವರಣ: ಆಯಾ ಸಂಸ್ಥೆಯ ಮುಖ್ಯಸ್ಥರು.
• ಗ್ರಾಮದ ತಂಗುದಾಣ: ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳು. ಗ್ರಾಮಸಭೆಯಲ್ಲಿಯೂ ವಿಷಯ ಮಂಡಿಸಬಹುದು.

ಅರ್ಜಿಯಲ್ಲಿ ಇರಬೇಕಾದ ವಿವರಗಳು:

1) ಸ್ಥಳದ ನಿಖರ ಗುರುತು ಹಾಗೂ ಒಂದು ಸರಳ ಕೈನಕ್ಷೆ.
2) ಸೈಕಲ್ಲುಗಳ ಎಣಿಕೆ. ಸಂತೆಯ ದಿನವೂ ಸೇರಿದಂತೆ ಮೂರು ದಿನ, ಬೆಳಿಗ್ಗೆ ಹಾಗೂ ಸಂಜೆ, ಸ್ಥಳದಲ್ಲಿ ನಿಂತ ಸೈಕಲ್ಲುಗಳನ್ನು ಎಣಿಸಿ ಬರೆಯುವುದು. ಪಕ್ಕದ ಮರ, ಕಂಬ ಹಾಗೂ ಅಂಗಡಿಗಳ ಮುಂದೆ ನಿಂತವನ್ನೂ ಸೇರಿಸುವುದು.
3) ತ್ರಿಚಕ್ರ ಸೈಕಲ್ ಬಳಸುವವರು ಬರುತ್ತಾರೆಯೇ ಎಂಬ ವಿವರ. ತೊಡಕಿನ ಕಾರಣದಿಂದ ಬಾರದಿರುವವರನ್ನೂ ವಿಚಾರಿಸಿ ನಮೂದಿಸುವುದು. ಸ್ಥಳದಲ್ಲಿ ಕಾಣುತ್ತಿಲ್ಲವೆಂದ ಮಾತ್ರಕ್ಕೆ ಅವರಿಗೆ ಅಗತ್ಯವಿಲ್ಲವೆಂದು ಭಾವಿಸಬಾರದು.
4) ಬೇಕಾದ ಕಮಾನುಗಳ ಸಂಖ್ಯೆ, ದೀಪ, ನೆರಳು, ಇಳಿಜಾರು ಮುಂತಾದ ಕೋರಿಕೆ.
5) ಅರ್ಜಿದಾರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮತ್ತು ಸಹಿ. ಹಲವರು ಸೇರಿ ಸಹಿ ಮಾಡಬಹುದು.

ಅರ್ಜಿಯ ಎರಡು ಪ್ರತಿಗಳನ್ನು ಒಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಗೂ ದಿನಾಂಕ ಪಡೆದುಕೊಳ್ಳತಕ್ಕದ್ದು. ಉತ್ತರ ಬಾರದಿದ್ದಲ್ಲಿ ರಾಜ್ಯ ಸರ್ಕಾರದ ಇಲಾಖೆಗಳಿಗೆ ಸಂಬಂಧಿಸಿದಂತೆ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ರೈಲ್ವೆಗೆ ಸಂಬಂಧಿಸಿದ ದೂರುಗಳಿಗೆ 139 ಸಂಖ್ಯೆ ಇದೆ. ಅರ್ಜಿಯ ಮೇಲೆ ಕೈಗೊಂಡ ಕ್ರಮವನ್ನು ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಮಾಹಿತಿ ನೀಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

10. ಶುಲ್ಕದ ಸ್ಟ್ಯಾಂಡುಗಳು: ಸವಾರರ ಹಕ್ಕು

ನಿಲ್ದಾಣಗಳಲ್ಲಿ ನಿಲುಗಡೆ ಸ್ಥಳದ ನಿರ್ವಹಣೆಯನ್ನು ಸಾಮಾನ್ಯವಾಗಿ ಟೆಂಡರ್ ಮೂಲಕ ಗುತ್ತಿಗೆಗೆ ನೀಡಲಾಗುತ್ತದೆ. ದರದ ಫಲಕ ಕಾಣುವಂತಿದೆಯೇ ಎಂಬುದನ್ನು ಸವಾರರು ಗಮನಿಸಬೇಕು. ಪ್ರತಿ ಸಲವೂ ದಿನಾಂಕವಿರುವ ಚೀಟಿ ಪಡೆಯಬೇಕು. ಚೀಟಿಯಿಲ್ಲದೆ ಹಣ ಕೊಡಬಾರದು.

"ಕಳವಾದಲ್ಲಿ ನಾವು ಜವಾಬ್ದಾರರಲ್ಲ" ಎಂಬ ಫಲಕವನ್ನು ಅನೇಕ ಕಡೆ ಕಾಣಬಹುದು. ಭಾರತೀಯ ಕರಾರು ಅಧಿನಿಯಮ, 1872ರ ಕಲಂ 151ರಂತೆ ಬೇರೊಬ್ಬರ ವಸ್ತುವನ್ನು ತನ್ನ ವಶಕ್ಕೆ ಪಡೆದವನು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವನ್ನು ಕಾಪಾಡುವಷ್ಟೇ ಎಚ್ಚರಿಕೆಯಿಂದ ಅದನ್ನು ಕಾಪಾಡತಕ್ಕದ್ದು. ಹೋಟೆಲಿನ ವಶಕ್ಕೆ ಒಪ್ಪಿಸಿದ ಕಾರೊಂದು ಕಳವಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ನೀಡಿದ ತೀರ್ಪಿನಂತೆ, ತನ್ನ ಅಥವಾ ತನ್ನ ಸಿಬ್ಬಂದಿಯ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಅಂತಹ ಸೂಚನೆಯ ಮರೆಯಲ್ಲಿ ಹೊಣೆ ತಪ್ಪಿಸಿಕೊಳ್ಳಲಾಗದು. ವಾಹನವನ್ನು ವಶಕ್ಕೆ ಪಡೆಯಲಾಗಿತ್ತೇ, ಕೇವಲ ಸ್ಥಳ ನೀಡಲಾಗಿತ್ತೇ ಎಂಬುದರ ಮೇಲೆ ಹೊಣೆ ನಿರ್ಧಾರವಾಗುವುದರಿಂದ ಚೀಟಿಯು ಮುಖ್ಯ ಸಾಕ್ಷ್ಯವಾಗುತ್ತದೆ. ಸೇವಾ ನ್ಯೂನತೆಯ ಬಗ್ಗೆ ಸಲಹೆ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.

11. ಸೈಕಲ್ ಕಳವಾದಲ್ಲಿ ಕೈಗೊಳ್ಳಬೇಕಾದ ಕ್ರಮ

ಸೈಕಲ್ಲಿಗೆ ನೋಂದಣಿ ಸಂಖ್ಯೆಯ ಫಲಕವಿಲ್ಲ. ಹಿಂದೆ ಪುರಸಭೆಗಳು ತೆರಿಗೆ ಪಡೆದು ನೀಡುತ್ತಿದ್ದ ಸೈಕಲ್ ಬಿಲ್ಲೆಯೂ ಈಗ ಕಾಣಸಿಗುವುದಿಲ್ಲ. ಆದರೆ ಪ್ರತಿ ಸೈಕಲ್ಲಿನ ಫ್ರೇಮಿನ ಮೇಲೆ, ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಭಾಗದಲ್ಲಿ ಅಥವಾ ಸೀಟಿನ ಕೊಳವೆಯ ಮೇಲೆ, ತಯಾರಕರು ಕೊರೆದ ಸಂಖ್ಯೆ ಇರುತ್ತದೆ. ಸಾರ್ವಜನಿಕರು ಈ ಸಂಖ್ಯೆಯನ್ನು ಇಂದೇ ಬರೆದಿಟ್ಟುಕೊಳ್ಳುವುದು, ಸೈಕಲ್ಲಿನ ಒಂದು ಛಾಯಾಚಿತ್ರ ತೆಗೆದಿಡುವುದು ಹಾಗೂ ಖರೀದಿಯ ರಸೀದಿಯನ್ನು ಜೋಪಾನ ಮಾಡುವುದು ಸೂಕ್ತ.

ಕಳವು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 303ರಡಿ ಅಪರಾಧವಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದಲ್ಲಿ ಮೂರು ದಿನಗಳೊಳಗೆ ಸಹಿ ಮಾಡತಕ್ಕದ್ದು. ಕಳವಾದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದಲ್ಲಿ ಪ್ರಕರಣವು ಅಸಂಜ್ಞೇಯವೆನಿಸುತ್ತದೆ. ಆಗ ಪೊಲೀಸರು ದೂರಿನ ಸಾರಾಂಶವನ್ನು ದಾಖಲಿಸಿಕೊಂಡು ದೂರುದಾರರನ್ನು ದಂಡಾಧಿಕಾರಿಗಳ ಬಳಿ ಹೋಗಲು ತಿಳಿಸುತ್ತಾರೆ, ದಂಡಾಧಿಕಾರಿಗಳ ಆದೇಶವಿಲ್ಲದೆ ತನಿಖೆ ನಡೆಯುವುದಿಲ್ಲ. ಹಳೆಯ ಸೈಕಲ್ಲುಗಳ ಮಾಲೀಕರು ಈ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ. ನೈಜ ಮೌಲ್ಯವನ್ನು ತೋರಿಸುವ ರಸೀದಿಯ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ. ಕಳವಾದ ಸೈಕಲ್ ಎಂದಾದರೂ ಪತ್ತೆಯಾದಲ್ಲಿ ಅದು ತಮ್ಮದೆಂದು ಸಾಬೀತುಪಡಿಸಲು ಫ್ರೇಮಿನ ಸಂಖ್ಯೆಯೇ ಬಲವಾದ ಆಧಾರ.

ರಸೀದಿಯಿಲ್ಲದೆ, ತೀರ ಕಡಿಮೆ ಬೆಲೆಗೆ ದೊರೆಯುವ ಹಳೆಯ ಸೈಕಲ್ಲನ್ನು ಕೊಳ್ಳದಿರುವುದು ಪ್ರತಿಯೊಬ್ಬರ ಕರ್ತವ್ಯ. ಕದ್ದ ವಸ್ತುವೆಂದು ತಿಳಿದೂ ಕೊಳ್ಳುವುದು ಸಹ ಅಪರಾಧ.

12. ಸಾರ್ವಜನಿಕರಲ್ಲಿ ಕೋರಿಕೆ

• ಹಿಂದಿನ ಚಕ್ರದ ಬೀಗದ ಜೊತೆಗೆ ಒಂದು ಸರಪಳಿ ಬೀಗವನ್ನೂ ಬಳಸಿ, ಫ್ರೇಮನ್ನು ಕಮಾನಿಗೆ ಬಂಧಿಸುವುದು.
• ತ್ರಿಚಕ್ರ ಸೈಕಲ್ಲುಗಳಿಗಾಗಿ ಗುರುತಿಸಿದ ಸ್ಥಳದಲ್ಲಿ, ಅದು ಖಾಲಿಯಿದ್ದರೂ, ಬೇರೆ ವಾಹನ ನಿಲ್ಲಿಸದಿರುವುದು.
• ಸೈಕಲ್ ಸ್ಟ್ಯಾಂಡಿನಲ್ಲಿ ಮೋಟಾರು ಬೈಕುಗಳನ್ನು ನಿಲ್ಲಿಸದಿರುವುದು.
• ಇಳಿಜಾರಿನ ಮೇಲೆ ಹಾಗೂ ಅದರ ಬುಡದಲ್ಲಿ ಸೈಕಲ್ ನಿಲ್ಲಿಸದಿರುವುದು.
• ಕಮಾನು ಸಡಿಲವಾಗಿದ್ದಲ್ಲಿ ಅಥವಾ ದೀಪ ಕೆಟ್ಟಿದ್ದಲ್ಲಿ ಸಂಬಂಧಿಸಿದ ಕಚೇರಿಗೆ ತಿಳಿಸುವುದು.

ಹತ್ತು ಸೈಕಲ್ಲುಗಳ ಸ್ಟ್ಯಾಂಡು ಸಣ್ಣ ಕಾಮಗಾರಿ. ಆದರೆ ಔರಾದಿನ ವಿದ್ಯಾರ್ಥಿನಿ ಸಂಜೆಯ ತರಗತಿಗೆ ಉಳಿಯುವುದು, ಭಾಲ್ಕಿಯ ಕಾರ್ಮಿಕ ಬೆಳಗಿನ ರೈಲು ಹಿಡಿಯುವುದು, ಬೀದರಿನ ತ್ರಿಚಕ್ರ ಸೈಕಲ್ ಸವಾರರು ಯಾರ ನೆರವೂ ಇಲ್ಲದೆ ಕಚೇರಿಯ ಬಾಗಿಲು ತಲುಪುವುದು ಇಂತಹ ಸಣ್ಣ ಕಾಮಗಾರಿಗಳನ್ನೇ ಅವಲಂಬಿಸಿದೆ. ಸಾರ್ವಜನಿಕರು ತಮ್ಮ ಬಡಾವಣೆ, ಶಾಲೆ ಹಾಗೂ ನಿಲ್ದಾಣಗಳಲ್ಲಿನ ಅಗತ್ಯವನ್ನು ಎಣಿಸಿ, ಬರೆದು, ಸಂಬಂಧಿಸಿದ ಕಚೇರಿಗೆ ಸಲ್ಲಿಸಿ ಈ ಸೌಲಭ್ಯದ ಪ್ರಯೋಜನ ಪಡೆಯಲು ಕೋರಲಾಗಿದೆ.